1600 ಎಕ್ಸ್ ಮೈಕ್ರೋಸ್ಕೋಪ್ ತಂದೆ, ಅಡಿಕೆ ಕೊಳೆ ಮಾತ್ರ ಕಾಣುತ್ತಿಲ್ಲ

ಯಲ್ಲಾಪುರದ ತೋಟಿಗ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಎಕರೆ ಅಡಿಕೆ ತೋಟ. ಈ ಸಲ ಮಳೆ ಬಿಡುವೇ ಕೊಡಲಿಲ್ಲ, ಮೊದಲನೇ ಔಷಧಿ ಹೊಡೆಸುವುದು ತಡವಾಯಿತು. ಕೊಳೆ ಬಂತು. ಬೆಳಗ್ಗೆ ಹೋಗಿ ನೋಡಿದರೆ ಮರದ ಬುಡದಲ್ಲೆಲ್ಲ ಎಳೆ ಅಡಿಕೆ, ಮೈಮೇಲೆ ಬಿಳಿ ಬೂಷ್ಟು.

ಮಗ ಒಂಬತ್ತನೇ ಕ್ಲಾಸು. "ಅಪ್ಪಾ, ಈ ಬೂಷ್ಟು ಹತ್ತಿರದಿಂದ ಹೇಗಿರತ್ತೆ ನೋಡಬೇಕು" ಅಂದ. ಆನ್‌ಲೈನ್‌ನಲ್ಲಿ ಯುಎಸ್‌ಬಿ ಮೈಕ್ರೋಸ್ಕೋಪ್ ಒಂದು ಸಿಕ್ಕಿತು, ಸಾವಿರದ ಚಿಲ್ಲರೆ ರೂಪಾಯಿ. ಡಬ್ಬದ ಮೇಲೆ 1600 ಎಕ್ಸ್ ಅಂತ ದೊಡ್ಡದಾಗಿ ಇದೆ. ಕಂಪ್ಯೂಟರ್‌ಗೆ ಹಾಕಿ ನೋಡಿದರೆ ಹತ್ತಿ ಹಿಂಜಿಟ್ಟ ಹಾಗೆ ಬೆಳ್ಳಗೆ ಏನೋ ಕಾಣುತ್ತದೆ, ಅಷ್ಟೇ. ಮಗನ ಶಾಲೆಯ ಹಳೇ ಮೈಕ್ರೋಸ್ಕೋಪ್ ಬರೀ 400 ಎಕ್ಸ್. ಅದರಲ್ಲಿ ಈರುಳ್ಳಿ ಸಿಪ್ಪೆಯ ಕೋಶ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದಂತೆ. 400ಕ್ಕೆ ಕಾಣುವುದು 1600ಕ್ಕೆ ಯಾಕೆ ಕಾಣಬಾರದು? ನಾನು ಮೋಸ ಹೋದೆನಾ, ಅಥವಾ ನೋಡುವ ಕ್ರಮ ಗೊತ್ತಿಲ್ಲವಾ?

ಮೊಬೈಲ್ ಡಾಕ್ಟರ್ · ಭಾನುವಾರ ರಾತ್ರಿ

ಮೋಸ ಅಂತ ಪೂರ್ತಿ ಹೇಳೋಕಾಗಲ್ಲ ಮಾರಾಯ್ರೆ, ಆದರೆ ಆ 1600 ಸುಮ್ನೆ ಬರೆದದ್ದು. ಅದರೊಳಗೆ ಇರುವುದು ಸಣ್ಣ ಕ್ಯಾಮೆರಾ, ಒಂದು ಲೆನ್ಸು, ಸುತ್ತ ಎಲ್‌ಇಡಿ. ನಿಮ್ಮ ಪರದೆ 15 ಇಂಚು ಇದ್ದರೆ ಒಂದು ಲೆಕ್ಕ, 43 ಇಂಚಿನ ಟಿವಿಗೆ ಹಾಕಿದರೆ ಇನ್ನೊಂದು ಲೆಕ್ಕ. ಪರೀಕ್ಷೆ ಮಾಡಬೇಕಾ? ಸ್ಟೀಲ್ ಸ್ಕೇಲ್ ಅಡಿಯಲ್ಲಿಡಿ. ಒಂದು ಮಿಲಿಮೀಟರ್ ಪರದೆ ಮೇಲೆ ಎಷ್ಟು ಅಗಲ ಬರುತ್ತದೆ ಅಳೆಯಿರಿ. 60 ಮಿಲಿಮೀಟರ್ ಬಂದರೆ ನಿಮ್ಮದು 60 ಎಕ್ಸ್.

ನಮ್ಮ ಮಂಗಳೂರಿನ ಅಂಗಡಿಯಲ್ಲಿ ಮೊಬೈಲ್ ಬೋರ್ಡ್ ರಿಪೇರಿ ಕೆಲಸಕ್ಕೆ ನಾನು ಇಟ್ಟಿರುವುದು ಬರೀ 7ರಿಂದ 45 ಎಕ್ಸ್‌ನದು. ಅದರಲ್ಲೇ ಹೊಟ್ಟೆಪಾಡು ನಡೆಯುತ್ತಿದೆ.

ಯಲ್ಲಾಪುರದ ತೋಟಿಗ · ಸೋಮವಾರ ಬೆಳಗ್ಗೆ

ಅಳೆದೆ. 52 ಮಿಲಿಮೀಟರ್. 😑

ಯೇನಾದ ಕನ್ನಡತಿ · ಸೋಮವಾರ ಮಧ್ಯಾಹ್ನ

ತೋಟಿಗರೇ, ಬೇಜಾರು ಮಾಡ್ಕೋಬೇಡಿ. ಹೊಸಬರೆಲ್ಲ ಮೊದಲು ಬೀಳುವ ಗುಂಡಿ ಇದೇ. ನಾನು ಕೆಲಸ ಮಾಡುವುದು ಲೆನ್ಸ್‌ಗಳ ಜೊತೆಗೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಎಷ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವುದು ಒಂದು, ಎಷ್ಟು ಬಿಡಿಸಿ ತೋರಿಸುತ್ತದೆ ಅನ್ನುವುದು ಇನ್ನೊಂದು. ರಾತ್ರಿ ಅರಬೈಲ್ ಘಾಟಿಯಲ್ಲಿ ದೂರದಿಂದ ಲಾರಿ ಬರುವಾಗ ಮೊದಲು ಒಂದೇ ದೀಪ ಕಾಣುತ್ತದೆ ಅಲ್ವಾ? ಬೈಕೋ ಲಾರಿಯೋ ಗೊತ್ತಾಗಲ್ಲ. ಹತ್ತಿರ ಬಂದಾಗ ದೀಪ ಎರಡಾಗುತ್ತದೆ. ದೂರದ ಆ ಒಂದು ದೀಪದ ಫೋಟೋ ತೆಗೆದು ಗೋಡೆಯಷ್ಟು ದೊಡ್ಡದು ಮಾಡಿದರೂ ಅದು ದೊಡ್ಡದಾದ ಒಂದೇ ದೀಪ, ಎರಡಾಗಲ್ಲ. ನಿಮ್ಮ ಯುಎಸ್‌ಬಿ ಮೈಕ್ರೋಸ್ಕೋಪ್ ಮಾಡುತ್ತಿರುವುದು ಅದನ್ನೇ. ಎರಡು ಚುಕ್ಕಿಗಳನ್ನು ಎರಡಾಗಿಯೇ ತೋರಿಸುವ ಈ ತಾಕತ್ತಿಗೆ ರೆಸಲ್ಯೂಷನ್ ಅಂತೀವಿ. ಮೈಕ್ರೋಸ್ಕೋಪಿನ ಜೀವ ಇರುವುದು ಅಲ್ಲಿ.

ಅದಕ್ಕೊಂದು ಮಿತಿ ಇದೆ. ಲೆನ್ಸ್ ಎಷ್ಟೇ ಚೆನ್ನಾಗಿ ಮಾಡಿದರೂ ದಾಟಲಾಗದ ಮಿತಿ. 1873ರಲ್ಲಿ ಎರ್ನ್ಸ್ಟ್ ಅಬ್ಬೆ ಅನ್ನುವ ಭೌತವಿಜ್ಞಾನಿ ಅದನ್ನು ನಾನಿರುವ ಜರ್ಮನಿಯ ಇದೇ ಯೇನಾ ಊರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇಲ್ಲಿನ ಯೂನಿವರ್ಸಿಟಿ ಹತ್ತಿರ ಅವರ ಸ್ಮಾರಕ ಇದೆ, ಕಲ್ಲಿನ ಮೇಲೆ ಆ ಸೂತ್ರ ಕೆತ್ತಿದ್ದಾರೆ. ನಾನು ದಿನಾ ಅದನ್ನು ದಾಟಿಕೊಂಡೇ ಬಸ್ ಹಿಡಿಯುವುದು. ಸೂತ್ರ ಸುಲಭ: ಬೆಳಕಿನ ಅಲೆಯ ಉದ್ದವನ್ನು ಲೆನ್ಸಿನ ಎನ್‌ಎ ಅನ್ನುವ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ಬಂದದ್ದಕ್ಕಿಂತ ಹತ್ತಿರ ಇರುವ ಎರಡು ಚುಕ್ಕಿ ಒಂದೇ ಆಗಿ ಕಾಣುತ್ತವೆ.

ಎನ್‌ಎ ಅಂದರೆ ಲೆನ್ಸು ಎಷ್ಟು ಅಗಲಕ್ಕೆ ಬಾಯಿ ತೆರೆದು ಬೆಳಕು ನುಂಗುತ್ತದೆ ಅನ್ನುವ ಲೆಕ್ಕ. ಮಗನ ಶಾಲೆಯ ಮೈಕ್ರೋಸ್ಕೋಪಿನ 40 ಎಕ್ಸ್ ಆಬ್ಜೆಕ್ಟಿವ್ (ವಸ್ತುವಿನ ಕಡೆಯ ಲೆನ್ಸ್; ಕಣ್ಣಿಡುವ ಐಪೀಸಿನ 10 ಪಟ್ಟು ಸೇರಿ 400) ಮೇಲೆ 40/0.65 ಅಂತ ಕೆತ್ತಿರುತ್ತದೆ, ನೋಡಿ. ಆ 0.65 ಎನ್‌ಎ. ಹಸಿರು ಬೆಳಕಿನ ಅಲೆ 550 ನ್ಯಾನೋಮೀಟರ್. ಭಾಗಿಸಿದರೆ ಸುಮಾರು 0.42 ಮೈಕ್ರಾನ್ ಬರುತ್ತದೆ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್, ಒಂದು ಮೈಕ್ರಾನಿನಲ್ಲಿ ಸಾವಿರ ನ್ಯಾನೋಮೀಟರ್. ನಿಮ್ಮ ಡಬ್ಬದ ಮೇಲೆ 1600 ಇದೆ, ಎನ್‌ಎ ಎಲ್ಲಾದರೂ ಬರೆದಿದ್ದಾರಾ?

ಯಲ್ಲಾಪುರದ ತೋಟಿಗ · ಸೋಮವಾರ ಮಧ್ಯಾಹ್ನ

ಡಬ್ಬ ಮೂರು ಸಲ ತಿರುಗಿಸಿ ನೋಡಿದೆ. ಇಲ್ಲ.

ಸುಮ್ನೆ ಕೇಳ್ದೆ · ಸೋಮವಾರ ಸಂಜೆ

ಒಂದು ಡೌಟು. ಬೆಳಕಿನ ಅಲೆಗೂ ನೋಡುವುದಕ್ಕೂ ಏನು ಸಂಬಂಧ? ಬೆಳಕು ಬಿದ್ದರೆ ಕಾಣಬೇಕು ತಾನೇ?

ಯೇನಾದ ಕನ್ನಡತಿ · ಸೋಮವಾರ ಸಂಜೆ

ಸುಣ್ಣ ಬಳಿಯುವ ಬ್ರಷ್ ತಗೊಂಡು ಲಗ್ನಪತ್ರಿಕೆ ಬರೆಯಿರಿ ನೋಡೋಣ. ಅಕ್ಷರ ಬ್ರಷ್‌ಗಿಂತ ಸಣ್ಣದು ಆಗಲ್ಲ. ಬೆಳಕಿನ ಬ್ರಷ್‌ನ ದಪ್ಪ ಅರ್ಧ ಮೈಕ್ರಾನ್ ಆಸುಪಾಸು. ಅದಕ್ಕಿಂತ ಸಣ್ಣ ವಿವರವನ್ನು ಅದರಿಂದ ಬರೆಯೋಕಾಗಲ್ಲ.

ಸ್ಲೈಡ್ ಅಜ್ಜ · ಸೋಮವಾರ ರಾತ್ರಿ

ನಾನು ಹುಬ್ಬಳ್ಳಿ ಕಡೆಯವ. 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ, ಈಗ ರಿಟೈರ್. ಮೇಡಂ ಹೇಳಿದ್ದು ಖರೇ. ಆದರೆ ತೋಟಿಗರಿಗೆ ಬೇಕಾಗಿದ್ದು ಸೂತ್ರ ಅಲ್ಲ, ಬೂಷ್ಟು.

ನೋಡ್ರಿ, ಯುಎಸ್‌ಬಿ ಮೈಕ್ರೋಸ್ಕೋಪಿನ ಬೆಳಕು ಮೇಲಿಂದ ಬೀಳುತ್ತದೆ. ನೀವು ಅಡಿಕೆಯನ್ನೇ ಇಡಿಯಾಗಿ ಅದರ ಕೆಳಗೆ ಹಿಡಿದಿದ್ದೀರಿ. ಬೂಷ್ಟಿನ ಎಳೆ ಗಾಜಿನಂಗೆ ಪಾರದರ್ಶಕ. ಒಂದರ ಮೇಲೆ ಒಂದು ನೂರು ಎಳೆ ಬಿದ್ದಿರುತ್ತವೆ. ಹತ್ತಿ ಕಾಣದೆ ಇನ್ನೇನು ಕಂಡೀತು? ಶಾಲೆಯಲ್ಲಿರುವಂಥ ಕಾಂಪೌಂಡ್ ಮೈಕ್ರೋಸ್ಕೋಪಿನಲ್ಲಿ ಬೆಳಕು ಕೆಳಗಿಂದ ಮೇಲೆ ಬರುತ್ತದೆ, ವಸ್ತುವನ್ನು ಹಾಯ್ದು ಬರುತ್ತದೆ. ಅದಕ್ಕೇ ತೆಳ್ಳಗಿರಬೇಕು, ನೀರಿನಲ್ಲಿ ಹರಡಿರಬೇಕು, ಮೇಲೆ ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಇರಬೇಕು.

ಮಾಡುವ ಕ್ರಮ ಹೇಳ್ತೀನಿ. ಸ್ಲೈಡ್ ಮೇಲೆ ಒಂದು ಹನಿ ಮಳೆನೀರು. ಸೂಜಿ ತುದಿಯಿಂದ ಬೂಷ್ಟು ಒಂದು ಚೂರು, ಸಾಸಿವೆ ಕಾಳಿಗಿಂತಲೂ ಕಡಿಮೆ. ಜಾಸ್ತಿ ತಗೊಂಡರೆ ಕೆಟ್ಟಿತು. ಎರಡು ಸೂಜಿಯಿಂದ ಮೆಲ್ಲಗೆ ಬಿಡಿಸಿ. ಕವರ್ ಸ್ಲಿಪ್ಪನ್ನು ಒಂದು ಅಂಚು ಮೊದಲು ತಾಗಿಸಿ ಓರೆಯಾಗಿ ಇಳಿಸಿ, ಇಲ್ಲದಿದ್ದರೆ ಗುಳ್ಳೆ ಕೂರುತ್ತವೆ. ಹೊಸಬರು ಮೊದಲ ದಿನ ಗುಳ್ಳೆಯನ್ನೇ ಕೋಶ ಅಂದುಕೊಂಡು ಚಿತ್ರ ಬರೆಯುತ್ತಾರೆ. ದಪ್ಪ ಕಪ್ಪು ಅಂಚಿನ ಗುಂಡಗಿನ ಚಂದದ ಚಿತ್ರ!

ಮೊದಲು 10 ಎಕ್ಸ್ ಆಬ್ಜೆಕ್ಟಿವ್. ಸಿಕ್ಕಿದ ಮೇಲೆ 40. ಬಣ್ಣ ಹಾಕದ ವಸ್ತು ಆದ್ದರಿಂದ ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರಿನ ಐರಿಸ್ (ಬೆಳಕಿನ ಕಿಂಡಿ) ಸ್ವಲ್ಪ ಮುಚ್ಚಿ. ಎಲ್ಲರೂ ಬೆಳಕು ಜಾಸ್ತಿ ಮಾಡಿಕೊಂಡು ಕೂರುತ್ತಾರೆ, ಬಣ್ಣವಿಲ್ಲದ್ದು ಬೆಳಕಿನಲ್ಲಿ ಕರಗಿ ಹೋಗುತ್ತದೆ.

ಮೊಬೈಲ್ ಡಾಕ್ಟರ್ · ಸೋಮವಾರ ರಾತ್ರಿ

ಅಜ್ಜ ಹೇಳಿದ್ದು ಸರಿ, ಆದರೆ ಯುಎಸ್‌ಬಿಯದನ್ನು ಎಸೆಯಬೇಡಿ. ತೋಟಕ್ಕೆ ಅದು ಒಳ್ಳೆಯ ಭೂತಗನ್ನಡಿ. ನುಸಿ, ಹಿಟ್ಟು ತಿಗಣೆ ನೋಡೋಕೆ 52 ಎಕ್ಸ್ ಧಾರಾಳ ಸಾಕು.

ನನ್ನ ಸ್ಟೀರಿಯೋ ಮೈಕ್ರೋಸ್ಕೋಪಿನ ಸಂಗತಿಯೂ ಹೇಳಿಬಿಡ್ತೀನಿ. ಅದರಲ್ಲಿ ಎರಡು ಕಣ್ಣಿಗೆ ಎರಡು ಬೇರೆ ದಾರಿ. ಹಾಗಾಗಿ ಆಳ ಗೊತ್ತಾಗುತ್ತದೆ, ಯಾವ ಪಾರ್ಟ್ ಮೇಲಿದೆ ಯಾವುದು ಕೆಳಗಿದೆ ಅಂತ. ಚಿತ್ರ ತಲೆಕೆಳಗಾಗಲ್ಲ. ಕಾಂಪೌಂಡಿನಲ್ಲಿ ಸ್ಲೈಡ್ ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುತ್ತದೆ, ಅದರಲ್ಲಿ ಬೆಸುಗೆ ಹಾಕಿದರೆ ಬೋರ್ಡು ಸತ್ತೇ ಹೋಯಿತು. ಇನ್ನೊಂದು ಮುಖ್ಯ ವಿಷಯ ಜಾಗ. ನನ್ನದರಲ್ಲಿ ಕೆಳಗೆ 0.5 ಎಕ್ಸ್ ಬಾರ್ಲೋ ಲೆನ್ಸ್ ಹಾಕಿದ್ದೇನೆ. ದೊಡ್ಡದಾಗುವುದು ಅರ್ಧಕ್ಕೆ ಇಳಿಯಿತು, ಆದರೆ ಲೆನ್ಸಿಗೂ ಬೋರ್ಡಿಗೂ ನಡುವೆ ಒಂದು ಗೇಣಿನ ಹತ್ತಿರ ಜಾಗ ಸಿಕ್ಕಿತು. ಹಾಟ್ ಏರ್ ಗನ್, ಟ್ವೀಜರ್ ಎರಡೂ ಹೋಗಬೇಕಲ್ಲ. ಈಗಿನ ಫೋನಿನ ಕೆಲವು ಸಣ್ಣ ಕೆಪಾಸಿಟರ್ ಬರೀ 0.4 ಮಿಲಿಮೀಟರ್ ಉದ್ದ, 0.2 ಅಗಲ. ಉಸಿರು ಬಿಟ್ಟರೆ ಹಾರಿ ಹೋಗುತ್ತದೆ. ಹಾಗಾಗಿ ದೊಡ್ಡದು ಮಾಡುವುದೇ ದೊಡ್ಡಸ್ತಿಕೆ ಅಲ್ಲ.

ಸುಮ್ನೆ ಕೇಳ್ದೆ · ಮಂಗಳವಾರ ಬೆಳಗ್ಗೆ

ಹಾಗಾದರೆ ತೋಟಿಗರು 100 ಎಕ್ಸ್ ಆಬ್ಜೆಕ್ಟಿವ್ ಇರೋದೇ ತಗೊಳ್ಳಲಿ. ಐಪೀಸ್ 16ದು ಹಾಕಿದರೆ ನಿಜವಾಗಿಯೂ 1600 ಆಗತ್ತಲ್ಲ.

ಸ್ಲೈಡ್ ಅಜ್ಜ · ಮಂಗಳವಾರ ಬೆಳಗ್ಗೆ

ಆಗತ್ತೆ, ಉಪಯೋಗ ಇಲ್ಲ. ಎನ್‌ಎಯ ಸಾವಿರ ಪಟ್ಟು ದಾಟಿದ ಮೇಲೆ ಹೊಸದೇನೂ ಕಾಣಲ್ಲ ಅನ್ನುವುದು ನಮ್ಮ ಲೆಕ್ಕ. 100 ಎಕ್ಸ್‌ನ ಎನ್‌ಎ 1.25, ಅಂದರೆ 1250. ಮುಂದಿನದ್ದು ಖಾಲಿ ಚೀಲ.

ಅದೂ ಅಲ್ಲದೆ 100 ಎಕ್ಸ್ ಅಂದರೆ ಎಣ್ಣೆ ಲೆನ್ಸು. ಗಾಜಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿ ಪಕ್ಕಕ್ಕೆ ಹೋಗಿಬಿಡುತ್ತದೆ. ಗಾಜಿನ ವಕ್ರೀಭವನಾಂಕ 1.52, ಎಣ್ಣೆಯದು 1.515. ನಡುವೆ ಒಂದು ಹನಿ ಎಣ್ಣೆ ಇದ್ದರೆ ಬೆಳಕಿಗೆ ಗಾಜು ಮುಗಿದದ್ದೇ ಗೊತ್ತಾಗಲ್ಲ, ನೇರ ಲೆನ್ಸಿಗೆ ಹೋಗುತ್ತದೆ. ಹಳೇ ಕಾಲದಲ್ಲಿ ದೇವದಾರು ಎಣ್ಣೆ ಹಾಕುತ್ತಿದ್ದೆವು. ಅದು ಒಣಗಿದರೆ ಅಂಟಾಗಿ ಲೆನ್ಸೇ ಹಾಳು.

ನನ್ನ ಜೀವಮಾನದ ಅರ್ಧ ಆ ಎಣ್ಣೆ ಲೆನ್ಸಿನ ಕೆಳಗೇ ಹೋಗಿದೆ. ಮಲೇರಿಯಾ ಸ್ಲೈಡು, ಕ್ಷಯದ ಕಫದ ಸ್ಲೈಡು. ಕೆಂಪು ರಕ್ತಕಣ 7-8 ಮೈಕ್ರಾನ್, ಮಲೇರಿಯಾದ ಉಂಗುರ ಅದರೊಳಗೆ ಕೂತಿರುತ್ತದೆ. ಕ್ಷಯದ ಬ್ಯಾಕ್ಟೀರಿಯಾ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಯಂತೆ, ದಪ್ಪ ಅರ್ಧ ಮೈಕ್ರಾನೂ ಇಲ್ಲ. "ನೆಗೆಟಿವ್" ಅಂತ ಬರೆಯುವ ಮೊದಲು ನೂರು ಫೀಲ್ಡ್ (ಒಂದು ಸಲಕ್ಕೆ ಕಣ್ಣಿಗೆ ಬೀಳುವಷ್ಟು ಜಾಗ) ನೋಡಲೇಬೇಕು. ದಿನಕ್ಕೆ ಇಪ್ಪತ್ತು ಸ್ಲೈಡ್ ಆದರೆ ಸಂಜೆ ಮನೆಗೆ ಹೋದ ಮೇಲೂ ಕಣ್ಣು ಮುಚ್ಚಿದರೆ ಕೆಂಪು ಕಡ್ಡಿಗಳೇ. ಆಮೇಲೆ ಎಲ್‌ಇಡಿ ಫ್ಲೋರೆಸೆನ್ಸ್ ಬಂತು. ಆರಮಿನ್ ಅನ್ನುವ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ ಬ್ಯಾಕ್ಟೀರಿಯಾ ಅಮಾವಾಸ್ಯೆ ರಾತ್ರಿಯ ಮಿಂಚುಹುಳದ ಹಾಗೆ ಹೊಳೆಯುತ್ತದೆ. ಎಣ್ಣೆ ಬೇಡ, 40 ಎಕ್ಸ್‌ನಲ್ಲೇ ಸಿಗುತ್ತದೆ. ಕಣ್ಣಿಗೆ ಬೀಳುವ ಜಾಗವೂ ದೊಡ್ಡದು, ಕೆಲಸ ಬೇಗ. ರೆಸಲ್ಯೂಷನ್ ಕಡಿಮೆಯಾದರೂ ಹುಡುಕುವುದು ಸುಲಭ ಆಯಿತು. ನನ್ನ ಸರ್ವಿಸಿನಲ್ಲಿ ಕಂಡ ದೊಡ್ಡ ಬದಲಾವಣೆ ಅದೇ.

ಕಿವಿಮಾತು: ಎಣ್ಣೆ ಹಾಕಿದ ಸ್ಲೈಡಿನ ಮೇಲೆ ಮತ್ತೆ 40 ಎಕ್ಸ್ ತಿರುಗಿಸಬೇಡಿ. ಒಂದು ಕಡೆ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿದ್ದ ನಾಲ್ಕೂ ಮೈಕ್ರೋಸ್ಕೋಪಿನ 40 ಎಕ್ಸ್ ಎಣ್ಣೆ ಕುಡಿದು ಮಂಜಾಗಿದ್ದವು. ಹೊಸ ಲೆನ್ಸ್ ಬೇಕು ಅಂತ ಬರೆದುಕೊಟ್ಟರೆ "ಹೊಂದಿಸಿಕೊಳ್ಳಿ" ಅಂತ ಉತ್ತರ ಬಂತು.

ವಿಜ್ಞಾನದ ಮೇಷ್ಟ್ರು · ಮಂಗಳವಾರ ಮಧ್ಯಾಹ್ನ

ಅಜ್ಜ ಮಲೇರಿಯಾ ಅಂದಿದ್ದಕ್ಕೆ ನೆನಪಾಯಿತು. ರೊನಾಲ್ಡ್ ರಾಸ್ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡಾಗ ಇದ್ದ ಮೈಕ್ರೋಸ್ಕೋಪಿನ ಸ್ಥಿತಿ ಕೇಳಿದ್ದೀರಾ? ಹಣೆಯ ಬೆವರು ಬಿದ್ದು ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಐಪೀಸ್ ಸೀಳಿತ್ತು. ಸೆಖೆ ಅಂತ ಪಂಖಾ ಹಾಕಿಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆ. ಪಾಪ, ಬೆವರುತ್ತಲೇ ನೋಡಿದರು.

ಇನ್ನು ಅಗ್ಗದ ದಾರಿ ಬೇಕಾದರೆ ಫೋಲ್ಡ್‌ಸ್ಕೋಪ್ ಇದೆ. ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್. ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿ ಮಾಡಿದ್ದು. 140 ಎಕ್ಸ್, ಎರಡು ಮೈಕ್ರಾನ್ ತನಕ ಬಿಡಿಸುತ್ತದೆ. ಒಳಗಿರುವುದು ರಾಗಿ ಕಾಳಿನಂಥ ಒಂದೇ ಗುಂಡು ಲೆನ್ಸ್. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1670ರ ದಶಕದಲ್ಲಿ ಮಾಡಿದ್ದೂ ಇದೇ ಉಪಾಯ, ಒಂಟಿ ಲೆನ್ಸು. ಅವರದ್ದರಲ್ಲಿ ಉಳಿದುಕೊಂಡಿರುವ ಒಂದು ಸುಮಾರು 270 ಪಟ್ಟು ದೊಡ್ಡದು ಮಾಡುತ್ತದೆ. ಆಗಿನ ಎರಡು ಲೆನ್ಸಿನ ಮೈಕ್ರೋಸ್ಕೋಪುಗಳಲ್ಲಿ ಚಿತ್ರದ ಸುತ್ತ ಕಾಮನಬಿಲ್ಲು ಬರುತ್ತಿತ್ತು, ಲೆನ್ಸು ಎರಡಾದರೆ ದೋಷವೂ ಎರಡಲ್ಲವೇ. ಹಾಗಾಗಿ ಬ್ಯಾಕ್ಟೀರಿಯಾ ಮೊದಲು ಕಂಡದ್ದು ವಿದ್ವಾಂಸರಿಗಲ್ಲ, ಬಟ್ಟೆ ಅಂಗಡಿಯವನಿಗೆ.

ನನ್ನ ಮಕ್ಕಳು ಫೋಲ್ಡ್‌ಸ್ಕೋಪಿನಲ್ಲಿ ಕೆರೆ ನೀರು ನೋಡಿ ಕಿರುಚಿದ್ದನ್ನು ಪಕ್ಕದ ಕ್ಲಾಸಿನವರು ಜಗಳ ಅಂದುಕೊಂಡು ಓಡಿ ಬಂದಿದ್ದರು.

ಯಲ್ಲಾಪುರದ ತೋಟಿಗ · ಮಂಗಳವಾರ ರಾತ್ರಿ

ಶಾಲೆಯ ಮೈಕ್ರೋಸ್ಕೋಪ್ ಒಂದು ವಾರಕ್ಕೆ ಮನೆಗೆ ಕೊಡಲು ಹೆಡ್ ಮಾಸ್ತರು ಒಪ್ಪಿದ್ದಾರೆ. 4, 10, 40 ಆಬ್ಜೆಕ್ಟಿವ್ ಇವೆ. ಅಂಬಾಲದಲ್ಲಿ ಮಾಡಿದ್ದು. ಕನ್ನಡಿ ಇರುವ ಮಾದರಿ, ಕರೆಂಟ್ ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇರುವುದೂ ಅಪರೂಪ.

ಆದರೆ 40 ಎಕ್ಸ್‌ನಲ್ಲಿ ನೋಡಿದರೆ ಜೇಡರ ಬಲೆಯಂಥದ್ದೇನೋ ಚಿತ್ರದೊಳಗೇ ಇದೆ. ಸ್ಲೈಡ್ ಸರಿಸಿದರೂ ಅದು ಸರಿಯುವುದಿಲ್ಲ!

ಸ್ಲೈಡ್ ಅಜ್ಜ · ಮಂಗಳವಾರ ರಾತ್ರಿ

ಐಪೀಸ್ ತಿರುಗಿಸಿ ನೋಡಿ. ಬಲೆಯೂ ತಿರುಗಿದರೆ ಐಪೀಸಿನಲ್ಲಿದೆ. ಇಲ್ಲದಿದ್ದರೆ ಆಬ್ಜೆಕ್ಟಿವ್‌ನಲ್ಲಿದೆ.

ಯಲ್ಲಾಪುರದ ತೋಟಿಗ · ಮಂಗಳವಾರ ರಾತ್ರಿ

ತಿರುಗಿತು.

ಸ್ಲೈಡ್ ಅಜ್ಜ · ಮಂಗಳವಾರ ರಾತ್ರಿ

ಹಂಗಾದರೆ ಅದು ಲೆನ್ಸಿಗೆ ಹಿಡಿದ ಬೂಷ್ಟು. ನೀವು ಬೂಷ್ಟು ನೋಡೋಕೆ ಹೊರಟರೆ ಬೂಷ್ಟೇ ಮೊದಲು ನಿಮ್ಮನ್ನು ನೋಡೋಕೆ ಬಂದಿದೆ. 😄 ಮಲೆನಾಡು, ಕರಾವಳಿ ಎರಡೂ ಕಡೆ ಇದು ಇದ್ದದ್ದೇ. ಲೆನ್ಸ್ ಟಿಶ್ಯೂಗೆ ಸ್ವಲ್ಪ ಆಲ್ಕೋಹಾಲ್ ಹಚ್ಚಿ ನಡುವಿನಿಂದ ಹೊರಗೆ ಸುತ್ತುತ್ತಾ ಒರೆಸಿ. ಪಂಚೆಯ ಚುಂಗಿನಿಂದ ಒರೆಸಬೇಡಿ ಮತ್ತೆ. ರಾತ್ರಿ ಮೈಕ್ರೋಸ್ಕೋಪನ್ನು ಸಣ್ಣ ಕಪಾಟಿನಲ್ಲಿಟ್ಟು ಒಳಗೊಂದು ಬಲ್ಬ್ ಉರಿಸಿಡಿ. ಕರೆಂಟ್ ಇಲ್ಲ ಅಂದಿರಲ್ಲ, ಹಾಗಾದರೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಐಪೀಸು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ.

ನಿರ್ವಾತ · ಬುಧವಾರ ಬೆಳಗ್ಗೆ

ಇಷ್ಟೆಲ್ಲ ಯಾಕೆ? ಬೆಂಗಳೂರಿಗೆ ಒಂದು ಅಡಿಕೆ ಕಳಿಸಿ, ಎಸ್‌ಇಎಂನಲ್ಲಿ (ಬೆಳಕಿನ ಬದಲು ಎಲೆಕ್ಟ್ರಾನ್ ಬಳಸುವ ಮೈಕ್ರೋಸ್ಕೋಪ್) ನೋಡೋಣ. ನಾನು ಮೆಟೀರಿಯಲ್ಸ್ ಪಿಎಚ್‌ಡಿ, ದಿನದ ಆರು ಗಂಟೆ ಅದರ ಮುಂದೆಯೇ ಕೂತಿರುತ್ತೇನೆ. ಮೈಕ್ರೋಸ್ಕೋಪ್ ಅಂದರೆ ಅದು. ಉಳಿದದ್ದೆಲ್ಲ ಆಟಿಕೆ. 😉

ಸ್ಲೈಡ್ ಅಜ್ಜ · ಬುಧವಾರ ಬೆಳಗ್ಗೆ

ತಮ್ಮಾ, ಆಟಿಕೆಯಲ್ಲೇ ಸಾವಿರಾರು ಜನರ ಮಲೇರಿಯಾ ಹಿಡಿದಿದ್ದೇವೆ.

ನಿರ್ವಾತ · ಬುಧವಾರ ಬೆಳಗ್ಗೆ

ಕ್ಷಮಿಸಿ ಅಜ್ಜ, ತಮಾಷೆಗೆ ಅಂದಿದ್ದು. ಸರಿಯಾಗಿ ಬರೆಯುತ್ತೇನೆ.

ಬೆಳಕಿನ ಬ್ರಷ್ ದಪ್ಪ ಅಂದರು ಮೇಡಂ. ಎಲೆಕ್ಟ್ರಾನಿಗೂ ಅಲೆ ಇದೆ. 100 ಕಿಲೋವೋಲ್ಟ್‌ನಲ್ಲಿ ಓಡಿಸಿದರೆ ಆ ಅಲೆ 0.0037 ನ್ಯಾನೋಮೀಟರ್, ಹಸಿರು ಬೆಳಕಿಗಿಂತ ಲಕ್ಷ ಪಟ್ಟಿಗೂ ಜಾಸ್ತಿ ಸಣ್ಣದು. ಗಾಜಿನ ಲೆನ್ಸು ಎಲೆಕ್ಟ್ರಾನಿಗೆ ಆಗಲ್ಲ, ತಂತಿ ಸುರುಳಿಯ ಅಯಸ್ಕಾಂತವೇ ಲೆನ್ಸು. ಬರ್ಲಿನ್‌ನಲ್ಲಿ ರುಸ್ಕಾ ಮತ್ತು ನೋಲ್ 1931ರಲ್ಲಿ ಮೊದಲ ಮಾದರಿ ಮಾಡಿದರು. ರುಸ್ಕಾಗೆ ನೊಬೆಲ್ ಬಂದದ್ದು 1986ರಲ್ಲಿ. 55 ವರ್ಷ! ನೋಲ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಇದರಲ್ಲಿ ಎರಡು ಬಗೆ. ಟಿಇಎಂನಲ್ಲಿ ಎಲೆಕ್ಟ್ರಾನ್ ವಸ್ತುವನ್ನು ಹಾಯ್ದು ಹೋಗುತ್ತದೆ, ಅಜ್ಜನ ಕಾಂಪೌಂಡ್ ಇದ್ದ ಹಾಗೆ. ಆದರೆ ತುಂಡು 100 ನ್ಯಾನೋಮೀಟರಿಗಿಂತ ತೆಳ್ಳಗಿರಬೇಕು. ಎಸ್‌ಇಎಂನಲ್ಲಿ ಎಲೆಕ್ಟ್ರಾನಿನ ಸೂಜಿಮೊನೆಯಂಥ ಕಿರಣ ಮೇಲ್ಮೈಯನ್ನು ಸಾಲು ಸಾಲಾಗಿ ಗುಡಿಸುತ್ತದೆ, ಅಂಗಳ ಗುಡಿಸಿದ ಹಾಗೆ. ಪ್ರತಿ ಚುಕ್ಕಿಯಿಂದ ಎಷ್ಟು ಎಲೆಕ್ಟ್ರಾನ್ ಚಿಮ್ಮಿತು ಅಂತ ಎಣಿಸಿ ಚಿತ್ರ ಕಟ್ಟುತ್ತದೆ. ಅಲ್ಲಿ ಚಿತ್ರ ಬರುವುದು ಲೆನ್ಸಿನಿಂದಲ್ಲ, ಎಣಿಕೆಯಿಂದ. ಆಳವೂ ಅದ್ಭುತ, ಇರುವೆಯ ಮುಖದ ಫೋಟೋ ನೋಡಿದ್ದೀರಲ್ಲ. ಅವುಗಳ ಬಣ್ಣ ಮಾತ್ರ ಆಮೇಲೆ ಕಂಪ್ಯೂಟರಿನಲ್ಲಿ ಬಳಿದದ್ದು. ಎಲೆಕ್ಟ್ರಾನಿಗೆ ಬಣ್ಣ ಗೊತ್ತಿಲ್ಲ, ನನ್ನ ಪರದೆ ಯಾವಾಗಲೂ ಕಪ್ಪು ಬಿಳುಪು.

ಸುಮ್ನೆ ಕೇಳ್ದೆ · ಬುಧವಾರ ಮಧ್ಯಾಹ್ನ

ಅಲೆ 0.0037 ಅಂದರೆ ಪರಮಾಣುವಿನೊಳಗೂ ಕಾಣಬೇಕಲ್ಲ?

ಯೇನಾದ ಕನ್ನಡತಿ · ಬುಧವಾರ ಮಧ್ಯಾಹ್ನ

ಒಳ್ಳೆ ಪ್ರಶ್ನೆ. ಕಾಣಲ್ಲ. ಬ್ರಷ್ ಸಣ್ಣದಾಯಿತು, ಹಿಡಿದ ಕೈ ನಡುಗುತ್ತದೆ. ಅಯಸ್ಕಾಂತದ ಲೆನ್ಸುಗಳು ಅಷ್ಟು ಒಳ್ಳೆಯ ಲೆನ್ಸುಗಳಲ್ಲ, ಸೋಡಾ ಬಾಟಲಿಯ ತಳದ ಮೂಲಕ ನೋಡಿದಂತೆ. ಹಾಗಾಗಿ ಟಿಇಎಂ ಬಹಳ ಕಾಲ 0.2 ನ್ಯಾನೋಮೀಟರ್ ಹತ್ತಿರವೇ ನಿಂತಿತ್ತು. ಲೆನ್ಸಿನ ದೋಷ ತಿದ್ದುವ ಸಾಧನ ಬಂದ ಮೇಲೆ ಇನ್ನೂ ಇಳಿದಿದೆ. ಪರಮಾಣುಗಳ ಸಾಲು ಕಾಣುತ್ತದೆ, ಒಳಗಿನದ್ದಲ್ಲ.

ವಿಜ್ಞಾನದ ಮೇಷ್ಟ್ರು · ಬುಧವಾರ ಸಂಜೆ

ನಿರ್ವಾತ ಅವರೇ, ತೋಟಿಗರ ಹಸಿ ಅಡಿಕೆ ಎಸ್‌ಇಎಂಗೆ ಇಟ್ಟರೆ ಏನಾಗುತ್ತದೆ ಅನ್ನುವುದನ್ನೂ ಹೇಳಿ. ನಿಮ್ಮ ಹೆಸರಲ್ಲೇ ಉತ್ತರ ಇದೆ.

ನಿರ್ವಾತ · ಬುಧವಾರ ಸಂಜೆ

ಹೌದು, ಅದೇ ಪಜೀತಿ. ಗಾಳಿ ಇದ್ದರೆ ಎಲೆಕ್ಟ್ರಾನ್ ಅದಕ್ಕೇ ಡಿಕ್ಕಿ ಹೊಡೆದು ಚದುರುತ್ತದೆ, ಹಾಗಾಗಿ ಒಳಗೆ ಗಾಳಿ ತೆಗೆದುಬಿಡುತ್ತೇವೆ. ನಿರ್ವಾತದಲ್ಲಿ ಹಸಿ ಬೂಷ್ಟಿನ ನೀರು ಆವಿಯಾಗಿ ಅದು ಹಪ್ಪಳದ ಹಾಗೆ ಸುಕ್ಕಾಗುತ್ತದೆ. ಅದಕ್ಕೆ ಮೊದಲು ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕದಲ್ಲಿ ಹಾಕಿ ಇದ್ದಲ್ಲೇ ಗಟ್ಟಿ ಮಾಡಬೇಕು. ಆಮೇಲೆ 30, 50, 70, 90, 100 ಅಂತ ಮೆಟ್ಟಿಲು ಮೆಟ್ಟಿಲಾಗಿ ಆಲ್ಕೋಹಾಲಿಗೆ ದಾಟಿಸಬೇಕು. ಕೊನೆಗೆ ಕಾರ್ಬನ್ ಡೈಆಕ್ಸೈಡ್ ಬಳಸಿ ಸುಕ್ಕಾಗದಂತೆ ಒಣಗಿಸಿ, ಕೆಲವು ನ್ಯಾನೋಮೀಟರ್ ಚಿನ್ನ ಲೇಪಿಸಬೇಕು. ಇಲ್ಲದಿದ್ದರೆ ಎಲೆಕ್ಟ್ರಾನ್ ಮೇಲ್ಮೈಯಲ್ಲೇ ಜಮಾಯಿಸಿ ಚಿತ್ರ ಬೆಳ್ಳಗಾಗುತ್ತದೆ. ಎರಡು ದಿನದ ಕೆಲಸ. ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನವರಿಗೂ ಶುಲ್ಕ ಕಟ್ಟಿದರೆ ಮಾಡಿಕೊಡುತ್ತಾರೆ, ಆದರೆ ತೋಟಿಗರೇ, ನಿಮಗೆ ಸಿಗುವುದು ಚಿನ್ನದ ಅಂಗಿ ತೊಟ್ಟ ಹೆಣ. ಜೀವಂತ ಬೂಷ್ಟು ಏನು ಮಾಡುತ್ತದೆ ಅಂತ ನೋಡಬೇಕಾದರೆ ಅಜ್ಜನ ಆಟಿಕೆಯೇ ಸರಿ. ಒಪ್ಪಿಕೊಂಡೆ.

ಸುಮ್ನೆ ಕೇಳ್ದೆ · ಬುಧವಾರ ರಾತ್ರಿ

ಮಂಗನ ಕಾಯಿಲೆಯ ವೈರಸ್ ಇವುಗಳಲ್ಲಿ ಯಾವುದರಲ್ಲಿ ಕಾಣುತ್ತದೆ? ನಮ್ಮ ಅಜ್ಜಿ ಮನೆ ಸೊರಬದ ಕಡೆ, ಅದಕ್ಕೆ ಕೇಳಿದೆ.

ನಿರ್ವಾತ · ಬುಧವಾರ ರಾತ್ರಿ

ಅದು 50 ನ್ಯಾನೋಮೀಟರ್ ಆಸುಪಾಸು. ಮಾಮೂಲು ಬೆಳಕಿನದ್ದರಲ್ಲಿ ಆಗಲ್ಲ, ಟಿಇಎಂ ಬೇಕು. 2020ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಕೊರೊನಾ ವೈರಸ್‌ನ ಚಿತ್ರ ತೆಗೆದದ್ದು ಟಿಇಎಂನಲ್ಲೇ. ಆದರೆ ರೋಗಿಗೆ ಕಾಯಿಲೆ ಇದೆಯಾ ಇಲ್ಲವಾ ತಿಳಿಯಲು ಯಾರೂ ಟಿಇಎಂ ಹತ್ತಿರ ಹೋಗಲ್ಲ, ಪಿಸಿಆರ್ ಮಾಡುತ್ತಾರೆ.

ಮುಟ್ಟಿ ನೋಡುವ ಮೈಕ್ರೋಸ್ಕೋಪ್‌ಗಳೂ ಇವೆ. ಎಎಫ್‌ಎಂನಲ್ಲಿ ವಸ್ತುವನ್ನು ನೋಡುವುದು ಬೆಳಕೂ ಅಲ್ಲ, ಎಲೆಕ್ಟ್ರಾನ್ ಕಿರಣವೂ ಅಲ್ಲ. ಹಳೇ ಗ್ರಾಮಫೋನಿನ ಮುಳ್ಳಿನ ಹಾಗೆ ಒಂದು ಸಣ್ಣ ಮುಳ್ಳು ಮೇಲ್ಮೈ ಮೇಲೆ ಹರಿದಾಡುತ್ತದೆ, ಅದು ಮೇಲೆ ಕೆಳಗೆ ಆದದ್ದನ್ನು ಲೇಸರ್ ಓದುತ್ತದೆ. ನೀರಿನೊಳಗೂ ನಡೆಯುತ್ತದೆ. ಕಣ್ಣು ಕಾಣದವರು ಕೈ ಆಡಿಸಿ ಮುಖ ಗುರುತಿಸಿದ ಹಾಗೆ. ನಿಧಾನ ಮಾತ್ರ ವಿಪರೀತ. ಒಂದು ಒಳ್ಳೆ ಚಿತ್ರಕ್ಕೆ ನಾನು ಊಟ ಮುಗಿಸಿ ಬರುತ್ತೇನೆ.

ಯೇನಾದ ಕನ್ನಡತಿ · ಬುಧವಾರ ರಾತ್ರಿ

ಅಬ್ಬೆಯ ಗೋಡೆ ಹಾರಿದವರೂ ಇದ್ದಾರೆ. ಹೊಳೆಯುವ ಅಣುಗಳನ್ನು ಎಲ್ಲ ಒಟ್ಟಿಗೆ ಹೊಳೆಸದೆ, ಸ್ವಲ್ಪ ಸ್ವಲ್ಪವೇ ಹೊಳೆಸಿ ಒಂದೊಂದರ ಜಾಗ ಗುರುತು ಹಾಕಿಕೊಳ್ಳುವುದು ಒಂದು ಉಪಾಯ. ಸೂತ್ರ ಸುಳ್ಳಾಗಲಿಲ್ಲ, ಅದರ ಬದಿಯಿಂದ ನುಸುಳಿದರು ಅಷ್ಟೇ. 2014ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ.

ಆದರೆ ನನಗೆ ಇಷ್ಟದ ಕಥೆ ಜೆರ್ನಿಕೆ ಅನ್ನುವ ಡಚ್ ಭೌತವಿಜ್ಞಾನಿಯದು. ಅಜ್ಜ ಹೇಳಿದ "ಬಣ್ಣವಿಲ್ಲದ್ದು ಬೆಳಕಿನಲ್ಲಿ ಕರಗುತ್ತದೆ" ಅನ್ನುವ ಸಮಸ್ಯೆಗೆ ಅವರ ಉತ್ತರ ಫೇಸ್ ಕಾಂಟ್ರಾಸ್ಟ್. ಪಾರದರ್ಶಕ ಕೋಶದ ಮೂಲಕ ಬರುವ ಬೆಳಕು ಮಂಕಾಗಲ್ಲ, ಒಂಚೂರು ತಡವಾಗುತ್ತದೆ. ಕಣ್ಣಿಗೆ ತಡ ಕಾಣಲ್ಲ. ಜೆರ್ನಿಕೆ ಆ ತಡವನ್ನು ನೆರಳಾಗಿ ಬದಲಾಯಿಸಿದರು. 1932ರಲ್ಲಿ ಇದನ್ನು ಯೇನಾಕ್ಕೆ ತಂದು ಇಲ್ಲಿನ ಲೆನ್ಸ್ ಕಂಪನಿ ಜೈಸ್‌ನವರಿಗೆ ತೋರಿಸಿದರೆ, ಇದರಿಂದ ಪ್ರಯೋಜನ ಇದ್ದಿದ್ದರೆ ನಾವೇ ಯಾವಾಗಲೋ ಕಂಡುಹಿಡಿಯುತ್ತಿದ್ದೆವು ಅನ್ನುವ ಅರ್ಥದಲ್ಲಿ ಕಳಿಸಿಬಿಟ್ಟರಂತೆ. 1953ರಲ್ಲಿ ನೊಬೆಲ್ ಬಂತು. ಜೀವಂತ ಕೋಶ ಬಣ್ಣ ಹಾಕದೆ ನೋಡುವ ಎಷ್ಟೋ ಲ್ಯಾಬ್‌ಗಳಲ್ಲಿ ಈಗ ಅದು ಇದ್ದೇ ಇರುತ್ತದೆ.

ತೋಟಿಗರೇ, ನಿಮ್ಮ ಶಾಲೆಯದ್ದರಲ್ಲಿ ಫೇಸ್ ಇರಲ್ಲ. ಕಂಡೆನ್ಸರ್ ಇದ್ದರೆ ಅದರ ಕೆಳಗೆ, ನಡುವಿಗೆ ಸರಿಯಾಗಿ, ಪ್ಲಾಸ್ಟಿಕ್ ಹಾಳೆಗೆ ಅಂಟಿಸಿದ ದುಂಡನೆ ಕಪ್ಪು ಕಾಗದ ಇಟ್ಟು ನೋಡಿ. ಐರಿಸ್ ಪೂರ್ತಿ ತೆರೆಯಿರಿ. ನೇರ ಬರುವ ಬೆಳಕು ನಿಂತು ಓರೆ ಬೆಳಕು ಮಾತ್ರ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬೂಷ್ಟು ಬೆಳ್ಳಿಯ ಹಾಗೆ ಹೊಳೆಯುತ್ತದೆ. 10 ಎಕ್ಸ್‌ನಲ್ಲಿ ಚೆನ್ನಾಗಿ ಬರುತ್ತದೆ, 40ಕ್ಕೆ ಕಷ್ಟ.

ವಿಜ್ಞಾನದ ಮೇಷ್ಟ್ರು · ಗುರುವಾರ ಬೆಳಗ್ಗೆ

ಒಂದು ತಿದ್ದುಪಡಿ. ಎಲ್ಲರೂ ಬೂಷ್ಟು ಬೂಷ್ಟು ಅನ್ನುತ್ತಿದ್ದೀರಿ. ಕೊಳೆಗೆ ಕಾರಣವಾದ ಫೈಟಾಫ್ಥೊರಾ ನೋಡೋಕೆ ಬೂಷ್ಟಿನ ಹಾಗಿದ್ದರೂ ಶಿಲೀಂಧ್ರದ ಕುಲದ್ದಲ್ಲ, ಕಂದು ಪಾಚಿಗಳ ಕಡೆಯ ನೆಂಟ. ಹೆಸರಿನ ಅರ್ಥವೇ ಗಿಡ ಕೊಲ್ಲುವುದು. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿಯಾಗಿ ಬಂದಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆ ಕೊಳೆಗೆ ಇದೇ ಕಾರಣ ಅಂತ ಬರೆದರು, ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯಲು ಹೇಳಿದರು. ಅವರ ಬಳಿಯೂ ಇದ್ದದ್ದು ಬೆಳಕಿನ ಮೈಕ್ರೋಸ್ಕೋಪೇ, ಎಲೆಕ್ಟ್ರಾನಿನದು ಇನ್ನೂ ಹುಟ್ಟಿರಲಿಲ್ಲ.

ಇದರ ಬೀಜಕಚೀಲ 30ರಿಂದ 50 ಮೈಕ್ರಾನ್, ನಿಂಬೆಹಣ್ಣಿನ ಆಕಾರ, ತುದಿಯಲ್ಲಿ ಮೊಲೆತೊಟ್ಟಿನಂಥ ಉಬ್ಬು. ತಣ್ಣೀರು ತಾಗಿದರೆ ಅದು ಒಡೆದು ಈಜುವ ಬೀಜಕಗಳು ಹೊರಬರುತ್ತವೆ. ಒಂದೊಂದು ಹತ್ತು ಮೈಕ್ರಾನ್, ಎರಡೆರಡು ಬಾಲ. ಸ್ಲೈಡನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು (ಫ್ರೀಜರ್ ಅಲ್ಲ!) ಹೊರಗೆ ತೆಗೆದು ನೋಡಿ.

ಯಲ್ಲಾಪುರದ ತೋಟಿಗ · ಶನಿವಾರ ರಾತ್ರಿ

ಕಂಡಿತು!!

ಎರಡು ದಿನ ಬರೀ ಗುಳ್ಳೆ, ಅಜ್ಜ ಹೇಳಿದ್ದ ಹಾಗೇ. ಇವತ್ತು ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟು ಬೆಳಕು ಬಂತು. ಜಗಲಿಯ ಕಿಟಕಿ ಹತ್ತಿರ ಮೇಜು ಎಳೆದುಕೊಂಡು ಕೂತೆವು. ಫ್ರಿಜ್‌ನಿಂದ ತೆಗೆದ ಸ್ಲೈಡಿನ ಕೆಳಭಾಗಕ್ಕೆ ಹನಿಗಟ್ಟಿತ್ತು, ಒರೆಸಿ ಇಟ್ಟೆವು. 10 ಎಕ್ಸ್‌ನಲ್ಲಿ ನೂಲಿಗೆ ಸಿಕ್ಕಿಸಿದ ನಿಂಬೆಹಣ್ಣುಗಳು. 40ಕ್ಕೆ ಹೋದರೆ ನಿಂಬೆಯ ಒಳಗೆ ಏನೋ ಕುದಿಯುತ್ತಿರುವ ಹಾಗೆ ಅಲುಗಾಟ. ಮಗ ನೋಡುತ್ತಿದ್ದವನು "ಅಪ್ಪಾ ಒಡೀತು" ಅಂದ. ನಾನು ಕಣ್ಣಿಡುವಷ್ಟರಲ್ಲಿ ಚೀಲ ಖಾಲಿ, ಸುತ್ತ ಹತ್ತಿಪ್ಪತ್ತು ಚುಕ್ಕಿ ಗಿರಗಿರನೆ ತಿರುಗುತ್ತಾ ಓಡುತ್ತಿವೆ. ಬಾಲ ನಮಗೆ ಕಾಣಲಿಲ್ಲ. ಮನೆಯವಳನ್ನು ಕರೆದೆ, ಅಮ್ಮನನ್ನು ಕರೆದೆ. ಔಷಧಿ ಹೊಡೆಯಲು ಬಂದಿದ್ದ ಕೊನೆಗೌಡನೂ ನೋಡಿದ. "ಇಷ್ಟು ಓಡ್ತದೆ ಅಂದ್ರೆ ಒಂದು ಮಳೆಗೆ ಕೊನೆ ಪೂರ್ತಿ ಹತ್ತದೆ ಬಿಡ್ತದಾ ಹೆಗಡೇರೇ" ಅಂದ. ನಲವತ್ತು ವರ್ಷದಿಂದ ಕೊಳೆ ನೋಡಿದವ, ಈಜುವುದನ್ನು ನೋಡಿದ್ದು ಇದೇ ಮೊದಲು.

ಆಮೇಲೆ ಮಗನ ಐಡಿಯಾ. ಬ್ಯಾರಲ್‌ನಲ್ಲಿ ಔಷಧಿ ಇತ್ತಲ್ಲ, ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದರ ಒಂದು ಹನಿ ಕವರ್ ಸ್ಲಿಪ್ಪಿನ ಒಂದು ಬದಿಗೆ ಹಾಕಿ, ಎದುರು ಬದಿಯಿಂದ ಕಾಗದದಲ್ಲಿ ನೀರು ಹೀರಿದ. ಸ್ವಲ್ಪ ಹೊತ್ತಿಗೆ ಓಡುತ್ತಿದ್ದವೆಲ್ಲ ಒಂದೊಂದಾಗಿ ನಿಂತವು.

ಮೊಬೈಲ್ ಡಾಕ್ಟರ್ · ಶನಿವಾರ ರಾತ್ರಿ

ಮಗ ಗಟ್ಟಿಗ ಮಾರಾಯ್ರೆ! ಐಪೀಸಿಗೆ ಮೊಬೈಲ್ ಹಿಡಿದು ವಿಡಿಯೋ ಮಾಡಿ ಹಾಕಿ.

ಸ್ಲೈಡ್ ಅಜ್ಜ · ಶನಿವಾರ ರಾತ್ರಿ

ಭೇಷ್. ಸ್ಲೈಡ್ ಸೋಪು ನೀರಿನಲ್ಲಿ ತೊಳೆದಿಡಿ, ಮೈಲುತುತ್ತ ಒಣಗಿದರೆ ಕಲೆ ಹೋಗಲ್ಲ. ಮೈಕ್ರೋಸ್ಕೋಪಿನ ಸ್ಟೇಜ್ ಮೇಲೆ ಔಷಧಿ ಚೆಲ್ಲಿಲ್ಲ ತಾನೇ?

ವಿಜ್ಞಾನದ ಮೇಷ್ಟ್ರು · ಶನಿವಾರ ರಾತ್ರಿ

ಖುಷಿಯಾಯಿತು. ಆದರೆ ಮೇಷ್ಟ್ರ ಬುದ್ಧಿ ಬಿಡಲ್ಲ, ಒಂದು ಕೇಳ್ತೀನಿ. ಔಷಧಿ ಬದಲು ಬರೀ ಮಳೆನೀರಿನ ಹನಿ ಹಾಕಿ, ಅದೇ ರೀತಿ ಕಾಗದದಲ್ಲಿ ಹೀರಿ ನೋಡಿದಿರಾ? ಈ ಬೀಜಕಗಳು ನೀರು ಕಲಕಿದರೂ ಬಾಲ ಬಿಟ್ಟು ಗುಂಡಗಾಗಿ ನಿಂತುಬಿಡುತ್ತವೆ. ನಿಂತದ್ದು ಮೈಲುತುತ್ತಕ್ಕೋ, ಮಗ ನೀರು ಎಳೆದದ್ದಕ್ಕೋ?

ಯಲ್ಲಾಪುರದ ತೋಟಿಗ · ಶನಿವಾರ ರಾತ್ರಿ

ಇಲ್ಲ ಸರ್, ನೋಡಿಲ್ಲ. ಮಗ ಆಗಲೇ ಟಾರ್ಚ್ ಹಿಡಿದು ತೋಟಕ್ಕೆ ಹೊರಟಿದ್ದಾನೆ, ಬೆಳಗಿನ ತನಕ ಕಾಯಲು ಒಪ್ಪುತ್ತಿಲ್ಲ. ಉದುರಿದ ಅಡಿಕೆಗೆ ನಮ್ಮಲ್ಲಿ ಬರ ಇಲ್ಲ.